ಗ್ರೂಪಿನಲ್ಲಿದ್ದ ಹದಿನಾಲ್ಕನೆಯವರು

ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವನು. ವಿಭಾಗ ಎಂದರೆ ನಾನೊಬ್ಬನೇ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನಾನೇ, ಟ್ಯಾಲಿ ತೆರೆಯದಿದ್ದರೂ ನಾನೇ, ಎಂಡಿ ಸಾಹೇಬರ ಮನೆಯ ವೈಫೈ ಕೈಕೊಟ್ಟರೂ ನಾನೇ. ನೂರೆಂಬತ್ತು ಜನ ದುಡಿಯುವ ಜಾಗದಲ್ಲಿ ಕಂಪನಿ ಇಮೇಲ್ ಇರುವುದು ಅರವತ್ತು ಚಿಲ್ಲರೆ ಜನಕ್ಕೆ, ಉಳಿದವರು ಮಷಿನ್ ಮೇಲೆ. ಆ ಅರವತ್ತು ಡಬ್ಬಗಳ ಕೀಲಿಗೊಂಚಲು ನನ್ನ ಹತ್ತಿರ.

2021ರ ಜುಲೈ. ಎರಡನೇ ಅಲೆಯ ಲಾಕ್‌ಡೌನ್ ಸಡಿಲವಾಗಿ ಕಾರ್ಖಾನೆ ಮತ್ತೆ ಎರಡು ಪಾಳಿಗೆ ಬಂದಿತ್ತು. ಜಿಗ್ ಮತ್ತು ಫಿಕ್ಸ್ಚರ್ ಡಿಸೈನ್ ಮಾಡಲು ಮೈಸೂರಿನ ಒಬ್ಬ ಹಿರಿಯರನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡರು. ವಯಸ್ಸು ಅರವತ್ತು ದಾಟಿತ್ತು, ಕೆಲಸದಲ್ಲಿ ಗಟ್ಟಿ. ಡ್ರಾಯಿಂಗ್ ಕೈಗೆ ತಗೊಂಡು ಎರಡು ನಿಮಿಷ ಸುಮ್ಮನಿದ್ದು, ಎಲ್ಲಿ ಟೂಲ್ ತಗಲುತ್ತೆ ಅಂತ ಬೆರಳಿಟ್ಟು ತೋರಿಸುತ್ತಿದ್ದರು. ಎಲ್ಲರೂ ಅವರನ್ನು ಡಿಸೈನ್ ಸಾರ್ ಅನ್ನುತ್ತಿದ್ದೆವು, ಇಲ್ಲೂ ಹಾಗೇ ಅನ್ನುತ್ತೇನೆ. ಅವರಿಗೊಂದು ಕಂಪನಿ ಐಡಿ ಮಾಡಿಕೊಟ್ಟೆ. ವಾರದೊಳಗೆ ಫೋನ್ ಬಂತು.

"ನೋಡಪ್ಪ, ಎರಡೆರಡು ಡಬ್ಬ ತೆಗೆದು ನೋಡೋದು ನನ್ನ ಕೈಲಾಗಲ್ಲ. ನಿಮ್ಮ ಕಂಪನಿ ಮೇಲ್ ಎಲ್ಲ ನನ್ನ ಜಿಮೇಲಿಗೇ ಬರೋ ಹಾಗೆ ಮಾಡಿಬಿಡು."

ಪರ್ಚೇಸ್ ಹೆಡ್ ಅವರನ್ನು ಕೇಳಿದೆ. ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದರು. "ಮಾಡಿಕೊಡ್ರೀ, ದೊಡ್ಡೋರು ಕೇಳ್ತಿದಾರೆ, ಅದೇನು ಮಹಾ" ಎಂದರು. ಅಷ್ಟೇ ಅಪ್ಪಣೆ. ಕಾಗದ ಇಲ್ಲ, ಮೇಲ್ ಇಲ್ಲ.

ಮೊದಲ ಸಲ ಫಾರ್ವರ್ಡ್ ಹಾಕಿದಾಗ ಮೇಲ್ ಹೋಗಲೇ ಇಲ್ಲ. ವಾಪಸ್ ಬಂದ ಸೂಚನೆಯಲ್ಲಿ 550 5.7.520 ಎಂಬ ಸಂಖ್ಯೆ, ಹೊರಗಿನ ಫಾರ್ವರ್ಡಿಂಗ್‌ಗೆ ನಿಮ್ಮ ಸಂಸ್ಥೆಯಲ್ಲಿ ಅನುಮತಿ ಇಲ್ಲ ಎಂಬ ಮಾತು. ನಾವು ಬಳಸುವುದು ಮೈಕ್ರೋಸಾಫ್ಟ್ 365. 2020ರ ಕೊನೆಯ ಹೊತ್ತಿಗೆ ಅದರಲ್ಲಿ ಹೊರಗಡೆಗೆ ತಾನಾಗಿ ಮೇಲ್ ದಾಟಿಸುವುದನ್ನು ಮೊದಲಿನಿಂದಲೇ ಮುಚ್ಚಿಡುವ ಏರ್ಪಾಟು ಬಂದಿತ್ತು. ಕಳ್ಳರು ಯಾರದಾದರೂ ಡಬ್ಬಕ್ಕೆ ನುಗ್ಗಿದರೆ ಮೊದಲು ಮಾಡುವ ಕೆಲಸವೇ ಸದ್ದಿಲ್ಲದೆ ಒಂದು ಫಾರ್ವರ್ಡ್ ಹಾಕಿಡುವುದು, ಅದನ್ನು ತಡೆಯಲೆಂದೇ ಆ ಬೀಗ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊರಹೋಗುವ ಸ್ಪ್ಯಾಮ್ ಪಾಲಿಸಿ ಎಂಬ ಪುಟ ತೆರೆದು, ಇಡೀ ಕಂಪನಿಗೆ ಅನ್ವಯವಾಗುವ ಸೆಟ್ಟಿಂಗನ್ನು 'ಆನ್' ಮಾಡಿದೆ. ಡಿಸೈನ್ ಸಾರ್ ಒಬ್ಬರಿಗೆ ಬೇರೆ ಪಾಲಿಸಿ ಮಾಡಿ ಬೀಗ ತೆಗೆಯಬಹುದಿತ್ತು. ಹತ್ತು ನಿಮಿಷ ಹೆಚ್ಚಿಗೆ ಹಿಡಿಯುತ್ತಿತ್ತು. ಊಟದ ಬೆಲ್ ಆಗಿತ್ತು.

ಆಮೇಲೂ ಕಿರಿಕಿರಿ ನಿಲ್ಲಲಿಲ್ಲ. ಹೀಗೆ ದಾಟಿಸಿದ ಮೇಲ್‌ಗಳಲ್ಲಿ ಕೆಲವು ಅವರ ಸ್ಪ್ಯಾಮಿಗೆ ಹೋಗಿ ಬೀಳುತ್ತಿದ್ದವು. ಬೀಳುವುದು ಸಹಜ. ಕಳುಹಿಸಿದವರ ಹೆಸರು ಬೇರೆ ಕಂಪನಿಯದು, ಬಾಗಿಲಿಗೆ ತಂದುಕೊಡುವ ಸರ್ವರ್ ನಮ್ಮದು. ತಮ್ಮ ಹೆಸರಿನ ಮೇಲ್ ಯಾವ ಸರ್ವರಿನಿಂದ ಹೊರಡಬೇಕು ಎಂದು ಬಹಳಷ್ಟು ಡೊಮೇನಿನವರು ಪಟ್ಟಿ ಹಾಕಿಟ್ಟಿರುತ್ತಾರೆ, ತೆಗೆದುಕೊಳ್ಳುವ ಕಡೆಯವರು ಎರಡನ್ನೂ ತಾಳೆ ನೋಡಿ ಅನುಮಾನ ಪಡುತ್ತಾರೆ. ಡಿಸೈನ್ ಸಾರ್ ಗೊಣಗಿದರು. ಇಂಥವನ್ನು ಯಾವತ್ತೂ ಸ್ಪ್ಯಾಮಿಗೆ ಕಳಿಸಬೇಡ ಎಂಬ ಫಿಲ್ಟರ್ ಅವರ ಜಿಮೇಲಿನಲ್ಲಿ ಹಾಕಿಸಿದ್ದೂ ನಾನೇ, ಫೋನಿನಲ್ಲಿ ಒಂದೊಂದೇ ಬಟನ್ ಹೇಳಿಕೊಡುತ್ತಾ.

ಡಿಸೆಂಬರಿನಲ್ಲಿ ಇನ್ನೊಂದು ಬೇಡಿಕೆ ಬಂತು. ಎರಕದ ಭಾಗಗಳ ಅಳತೆಯ ವಿಷಯದಲ್ಲಿ ಬೆಳಗಾವಿಯ ಫೌಂಡ್ರಿಯವರ ಜೊತೆ ಡಿಸೈನ್ ಸಾರ್ ನೇರವಾಗಿ ಮಾತಾಡಬೇಕು, ಸಪ್ಲೈಯರುಗಳ ಮೇಲ್ ಅವರಿಗೂ ಬರಲಿ ಎಂದರು ಪರ್ಚೇಸ್ ಹೆಡ್. ಸಪ್ಲೈಯರುಗಳೆಲ್ಲ ಬರೆಯುವುದು ಪರ್ಚೇಸ್ ಗ್ರೂಪಿನ ವಿಳಾಸಕ್ಕೆ. ಡಿಸೈನ್ ಸಾರ್ ಅವರ ಜಿಮೇಲ್ ವಿಳಾಸವನ್ನು ಹೊರಗಿನ ಕಾಂಟ್ಯಾಕ್ಟ್ ಎಂದು ದಾಖಲಿಸಿ ನೇರವಾಗಿ ಆ ಗ್ರೂಪಿಗೆ ಸೇರಿಸಿದೆ. ಕಾಂಟ್ಯಾಕ್ಟಿಗೆ ಹೆಸರು ಕೊಡಬೇಕಲ್ಲ, 'ಡಿಸೈನ್ 2' ಎಂದು ಕೊಟ್ಟೆ. ನೋಡಿದವರಿಗೆ ನಮ್ಮದೇ ಡಿಸೈನ್ ವಿಭಾಗದ ಎರಡನೇ ಐಡಿ ಅನ್ನಿಸುವ ಹೆಸರು. ಯಾರನ್ನೂ ಮರೆಮಾಚಲು ಇಟ್ಟದ್ದಲ್ಲ, ಚಿಕ್ಕದಾಗಿದೆ ಅಂತ ಇಟ್ಟೆ.

2022ರ ಮಾರ್ಚ್ 31ಕ್ಕೆ ಅವರ ಗುತ್ತಿಗೆ ಮುಗಿಯಿತು. ಬಾಳೆಹಣ್ಣಿನ ಬುಟ್ಟಿ, ಶಾಲು, ಒಂದು ಗ್ರೂಪ್ ಫೋಟೊ. ಎಚ್‌ಆರ್‌ನವರು ನೋ ಡ್ಯೂಸ್ ಫಾರಂ ಕಳಿಸಿದರು. ಐಡಿ ಕಾರ್ಡ್, ಲ್ಯಾಪ್‌ಟಾಪ್, ಕ್ಯಾಂಟೀನ್ ಬಾಕಿ, ಕೊನೆಗೆ ಇಮೇಲ್. ನಾನು ಅವರ ಕಂಪನಿ ಐಡಿ ಮುಚ್ಚಿದೆ, ಲೈಸೆನ್ಸ್ ತೆಗೆದು ಬೇರೆಯವರಿಗೆ ಕೊಟ್ಟೆ, ಇಮೇಲ್ ಎಂಬುದರ ಮುಂದೆ 'ಮುಚ್ಚಲಾಗಿದೆ' ಎಂದು ಬರೆದು ಸಹಿ ಹಾಕಿದೆ. ಡಬ್ಬದ ಜೊತೆಗೇ ಅದರ ಫಾರ್ವರ್ಡೂ ಸತ್ತಿತು. ಗ್ರೂಪಿನಲ್ಲಿದ್ದ 'ಡಿಸೈನ್ 2' ನೆನಪಿಗೇ ಬರಲಿಲ್ಲ.

ಹದಿನೆಂಟು ತಿಂಗಳು ಏನೂ ಆಗಲಿಲ್ಲ. ಆ ನಡುವೆ ಪರ್ಚೇಸ್ ಹೆಡ್ ಬೇರೆ ಕಂಪನಿ ಸೇರಿದರು.

2023ರ ಅಕ್ಟೋಬರ್ 16, ಸೋಮವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬೆಳಗಾವಿಯ ಉದ್ಯಮಬಾಗಿನಿಂದ ಫೌಂಡ್ರಿಯ ಮಾಲೀಕರು ಅಕೌಂಟ್ಸ್ ಮೇಡಂಗೆ ಫೋನ್ ಮಾಡಿದರು. "ಮೇಡಂರೀ, ಹಬ್ಬ ಬಂತು, ಹುಡುಗೂರ್ಗೆ ಬೋನಸ್ ಕೊಡಬೇಕು, ನಿಮ್ಮ ರೊಕ್ಕ ಇನ್ನೂ ಬಂದಿಲ್ರೀ."

"ಆರನೇ ತಾರೀಖೇ ಆರ್‌ಟಿಜಿಎಸ್ ಮಾಡಿದೀವಲ್ಲ ಸಾರ್, ನೀವು ಕೊಟ್ಟ ಹೊಸ ಅಕೌಂಟಿಗೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೊಸ ಅಕೌಂಟ್ ಯಾವ್ದ್ರೀ? ಇಪ್ಪತ್ತು ವರ್ಷಾತು, ನಮ್ದು ಒಂದ ಬ್ಯಾಂಕ್, ಒಂದ ಅಕೌಂಟ್."

ಮೇಡಂ ಫೋನನ್ನು ಮೇಜಿನ ಮೇಲಿಟ್ಟು ನನ್ನ ಕಡೆ ನೋಡಿದ್ದು ಇವತ್ತಿಗೂ ಕಣ್ಣ ಮುಂದಿದೆ. ನಾನು ಅಲ್ಲೇ ಅವರ ಪ್ರಿಂಟರಿನ ಟೋನರ್ ಬದಲಿಸುತ್ತಿದ್ದೆ. ಕೈಯೆಲ್ಲ ಕಪ್ಪು.

ಹೋದ ಮೊತ್ತ 9,86,240 ರೂಪಾಯಿ. ಆ ಮೇಲ್ ತೆಗೆದು ನೋಡಿದೆವು. ಫೌಂಡ್ರಿಯ ಲೆಟರ್‌ಹೆಡ್, ಅವರದೇ ಸೀಲು. ನಮ್ಮ ಪಿಓ (ಪರ್ಚೇಸ್ ಆರ್ಡರ್) ಸಂಖ್ಯೆ ಸರಿ, ಅವರ ಇನ್ವಾಯ್ಸ್ ಸಂಖ್ಯೆ ಸರಿ, ಮೊತ್ತ ರೂಪಾಯಿಗೆ ರೂಪಾಯಿ ಸರಿ. ಹಳೆಯ ಖಾತೆಯಲ್ಲಿ ಆಡಿಟ್ ನಡೆಯುತ್ತಿದೆ, ದಯವಿಟ್ಟು ಈ ಖಾತೆಗೆ ಹಾಕಿ ಎಂದು ಎರಡು ಸಾಲು. ಕೆಳಗೆ ನಮ್ಮ ಹಿಂದಿನ ಪತ್ರವ್ಯವಹಾರವೂ ಹಾಗೇ ಅಂಟಿಕೊಂಡಿತ್ತು. ಕಳುಹಿಸಿದವರ ವಿಳಾಸವನ್ನು ಕರ್ಸರ್ ಇಟ್ಟು ದೊಡ್ಡದು ಮಾಡಿ ನೋಡಿದೆ. ಫೌಂಡ್ರಿಯ ಡೊಮೇನಿನಲ್ಲಿ ಇಂಗ್ಲಿಷಿನ ಎಂ ಅಕ್ಷರ ಇರಬೇಕಾದ ಕಡೆ ಆರ್ ಮತ್ತು ಎನ್ ಪಕ್ಕಪಕ್ಕ ಕೂತಿದ್ದವು. ಪರದೆಯ ಮೇಲಿನ ಸಣ್ಣಕ್ಷರದಲ್ಲಿ ಆ ಎರಡು ಸೇರಿ ಎಂ ಆಗಿಬಿಡುತ್ತವೆ. ನೀವೇ ಒಂದು ಸಲ ಟೈಪ್ ಮಾಡಿ ನೋಡಿ.

ಬ್ಯಾಂಕಿಗೆ ಓಡಿದೆವು. ಹಣ ಹೋದ ಖಾತೆ ಫೌಂಡ್ರಿಯ ಹೆಸರಿನದಲ್ಲ, ಯಾರದೋ ವ್ಯಕ್ತಿಯದು. ನಾವು ಫೌಂಡ್ರಿಯ ಹೆಸರು ತುಂಬಿದ್ದರೂ ಹಣ ಸೇರಿದ್ದು ಖಾತೆ ಸಂಖ್ಯೆಯ ಮೇಲೆ. ಆರ್‌ಟಿಜಿಎಸ್, ನೆಫ್ಟ್ ಮಾಡುವ ಮೊದಲು ಖಾತೆದಾರರ ಹೆಸರು ನೋಡುವ ಸೌಲಭ್ಯ ಕೊಡಿ ಎಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಹೇಳಿದ ಗಡುವು 2025ರ ಏಪ್ರಿಲ್ 1. ನಮಗೆ ಅದು ಹದಿನೆಂಟು ತಿಂಗಳು ತಡ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. "ಯಾವತ್ತು ಹೋಗಿದ್ದು?" ಎಂದು ಕೇಳಿದರು. ಹತ್ತು ದಿನ ಆಯಿತು ಎಂದೆ. ಆ ಕಡೆಯವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಖಾತೆಯಲ್ಲಿ ಉಳಿದಿದ್ದ 1,38,500 ಮಾತ್ರ ತಡೆಹಿಡಿಯಲು ಸಿಕ್ಕಿತು. ಉಳಿದದ್ದು ಎಷ್ಟೋ ಖಾತೆಗಳಿಗೆ ಹಂಚಿಹೋಗಿತ್ತು.

ಪಿಓ ಸಂಖ್ಯೆ ಹೊರಗಿನವರಿಗೆ ಗೊತ್ತಾದದ್ದು ಹೇಗೆ? ಸಂಜೆಯ ಹೊತ್ತಿಗೆ ಎಲ್ಲರ ಬಾಯಲ್ಲೂ ಇದೇ ಪ್ರಶ್ನೆ. ಮೊದಲ ಅನುಮಾನ ಮೇಡಂ ಮೇಲೆ, ಎರಡನೆಯದು ಸ್ಟೋರ್ಸ್ ಹುಡುಗರ ಮೇಲೆ. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಮೇಡಂ ಕೂತಿದ್ದ ಕಡೆಗೆ ಆ ಸಂಜೆ ಟೀ ಬರಲಿಲ್ಲ.

ನಾನು ಮನೆಗೆ ಹೋಗಲಿಲ್ಲ. ಮೆಸೇಜ್ ಟ್ರೇಸ್ ಎಂಬ ಒಂದು ಸೌಲಭ್ಯ ಇದೆ, ಯಾವ ಮೇಲ್ ಯಾವ ಹೊತ್ತಿಗೆ ಯಾರ ಯಾರ ಕೈ ಸೇರಿತು ಎಂದು ತೋರಿಸುತ್ತದೆ. ಫೌಂಡ್ರಿಯ ಅಸಲಿ ಇನ್ವಾಯ್ಸ್ ಬಂದದ್ದು ಅಕ್ಟೋಬರ್ 3ರಂದು. ಅದನ್ನು ಹುಡುಕಿ ಒತ್ತಿದೆ. ಗ್ರೂಪಿನ ವಿಳಾಸಕ್ಕೆ ಬಂದ ಮೇಲ್ ಸದಸ್ಯರಿಗೆ ಹಂಚಿಹೋದ ವಿವರ ಬಿಚ್ಚಿಕೊಂಡಿತು. ಒಂದೊಂದೇ ಎಣಿಸಿದೆ. ಹದಿಮೂರು ವಿಳಾಸ ನಮ್ಮ ಕಂಪನಿಯವು. ಹದಿನಾಲ್ಕನೆಯದರ ಬಾಲದಲ್ಲಿ ಜಿಮೇಲ್ ಎಂದಿತ್ತು.

ರಾತ್ರಿ ಒಂಬತ್ತು ಗಂಟೆ. ಸೆಕ್ಯೂರಿಟಿಯವರು ಬಂದು, "ಸಾರ್, ಲೈಟ್ ಆರಿಸ್ಲಾ?" ಎಂದರು. ಬೇಡ ಎಂದು ಹೇಳಲೂ ನಾಲಿಗೆ ಏಳಲಿಲ್ಲ. ತಲೆ ಆಡಿಸಿದೆ.

ಅಳಿಸಿಬಿಡಬಹುದಿತ್ತು. ಈ ಮಾತನ್ನು ಬರೆಯಲೇಬೇಕು, ಇಲ್ಲದಿದ್ದರೆ ಇದನ್ನೆಲ್ಲ ಬರೆದು ಪ್ರಯೋಜನವಿಲ್ಲ. ಆ ಕೋಣೆಯಲ್ಲಿ ನನ್ನ ಬಿಟ್ಟು ಯಾರಿಗೂ ಆ ಪುಟ ತೆರೆಯಲು ಬರುವುದಿಲ್ಲ. 'ಡಿಸೈನ್ 2' ಎಂಬುದನ್ನು ಗ್ರೂಪಿನಿಂದ ತೆಗೆದು, ನನಗೇನೂ ಸಿಗಲಿಲ್ಲ ಎಂದು ಬೆಳಿಗ್ಗೆ ಹೇಳಿದ್ದರೆ ಬಹುಶಃ ನಡೆದುಹೋಗುತ್ತಿತ್ತು. ಹತ್ತು ನಿಮಿಷ ಮೌಸ್ ಮೇಲೆ ಕೈಯಿಟ್ಟು ಕೂತಿದ್ದೆ. ಮೇಡಂಗೆ ಟೀ ಬರದಿದ್ದದ್ದು ನೆನಪಾಯಿತು. ಪರದೆಯ ಫೋಟೊ ತೆಗೆದು ಎಂಡಿ ಸಾಹೇಬರಿಗೆ ವಾಟ್ಸಾಪ್ ಮಾಡಿದೆ. 'ಸಾರ್, ಇದು ನಾನು ಸೇರಿಸಿದ ಐಡಿ' ಎಂದು ಕೆಳಗೆ ಬರೆದೆ. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ.

ಡಿಸೈನ್ ಸಾರ್‌ಗೆ ಮರುದಿನ ಫೋನ್ ಮಾಡಿದೆ. "ಆ ಮೇಲ್ ತೆಗೆದು ನೋಡಿ ಆರು ತಿಂಗಳಾಯ್ತು ಕಣಪ್ಪ, ಮಗ ಬೇರೆ ಐಡಿ ಮಾಡಿಕೊಟ್ಟಿದಾನೆ" ಎಂದರು. ಮಗನ ಕೈಗೆ ಫೋನ್ ಕೊಡಿಸಿ, ಆ ಹಳೆಯ ಜಿಮೇಲಿಗೆ ಒಳಹೊಕ್ಕು ಸೆಟ್ಟಿಂಗ್ ಓದಿಸಿದೆ. ಎರಡು ಹಂತದ ಪರಿಶೀಲನೆ ಇರಲಿಲ್ಲ. ಪಾಸ್‌ವರ್ಡ್ ಎಲ್ಲ ಕಡೆಗೂ ಒಂದೇ. ಫಿಲ್ಟರ್ ಪಟ್ಟಿಯಲ್ಲಿ ಎರಡು ಇದ್ದವು. ಒಂದು ನಾನು ಹಾಕಿಸಿದ್ದು, ಸ್ಪ್ಯಾಮಿಗೆ ಕಳಿಸಬೇಡ ಎಂಬುದು. ಇನ್ನೊಂದು ಯಾರೋ ಹಾಕಿದ್ದು. ಇನ್ವಾಯ್ಸ್ ಅಥವಾ ಪೇಮೆಂಟ್ ಎಂಬ ಪದ ಇರುವ ಮೇಲ್ ಬಂದರೆ ಗೊತ್ತಿಲ್ಲದ ಒಂದು ವಿಳಾಸಕ್ಕೆ ಫಾರ್ವರ್ಡ್ ಮಾಡು, ಇಲ್ಲಿ ಅಳಿಸಿಬಿಡು. ನಾನು ಬಳಸಿದ ಉಪಾಯವನ್ನೇ ಕಳ್ಳನೂ ಬಳಸಿದ್ದ. ನಾನು ಮೈಸೂರಿನವರೆಗೆ ದಾಟಿಸಿಕೊಟ್ಟೆ, ಅಲ್ಲಿಂದ ಮುಂದಕ್ಕೆ ಅವನು.

ಹುಡುಗ ಓದುತ್ತಿದ್ದಾಗ ಹಿಂದಿನಿಂದ ಡಿಸೈನ್ ಸಾರ್ ಕೇಳುತ್ತಿದ್ದರು, "ನನ್ನಿಂದ ಏನಾದ್ರೂ ತೊಂದ್ರೆ ಆಯ್ತಾ?" ಇಲ್ಲ ಸಾರ್ ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ. ತಮ್ಮ ಹೆಸರು ಇನ್ನೂ ಗ್ರೂಪಿನಲ್ಲಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಟ್ರೇಸ್ ಸಿಗುವುದು ತೊಂಬತ್ತು ದಿನದ್ದು ಮಾತ್ರ. ಆ ತೊಂಬತ್ತು ದಿನದಲ್ಲಿ 'ಡಿಸೈನ್ 2'ಗೆ ಹೋದ ಮೇಲ್ 1,914. ಅದರ ಹಿಂದಿನ ಹದಿನೈದೂವರೆ ತಿಂಗಳು ಏನೇನು ಹೋಯಿತು ಎಂಬುದಕ್ಕೆ ಲೆಕ್ಕವಿಲ್ಲ. ಸಪ್ಲೈಯರುಗಳ ದರಪಟ್ಟಿ, ಪುಣೆಯ ಗಿರಾಕಿಗಳ ಡ್ರಾಯಿಂಗ್, ಎಲ್ಲ ಆ ಗ್ರೂಪಿಗೇ ಬರುತ್ತಿತ್ತು. ಡ್ರಾಯಿಂಗ್ ಹೊರಗೆ ಬಿಡುವುದಿಲ್ಲ ಎಂದು ನಾವು ಒಪ್ಪಂದಕ್ಕೆ ಸಹಿ ಮಾಡಿದ್ದ ಇಬ್ಬರು ಗಿರಾಕಿಗಳಿಗೆ ಎಂಡಿ ಸಾಹೇಬರು ತಾವೇ ಪತ್ರ ಬರೆಯಬೇಕಾಯಿತು. ಕರಡು ಟೈಪ್ ಮಾಡಿದ್ದು ನಾನು. ಆ ಹತ್ತು ಸಾಲು ಟೈಪ್ ಮಾಡಿದಷ್ಟು ನಿಧಾನವಾಗಿ ನಾನು ಏನನ್ನೂ ಟೈಪ್ ಮಾಡಿಲ್ಲ.

ವಿಷಯ ಗೊತ್ತಾದ ಮರುದಿನ ಬಂದ ಆಡಿಟರ್ ಕೇಳಿದರು, ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಿದ್ರಾ? 2022ರ ಏಪ್ರಿಲ್ 28ರ ಅವರ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಿಡಬೇಕು. ನಮ್ಮ ವರದಿ ಹೋದದ್ದು ಇಪ್ಪತ್ತಾರನೇ ಗಂಟೆಗೆ. ಫೈರ್‌ವಾಲ್ ಲಾಗ್ ಮೂವತ್ತು ದಿನಕ್ಕೊಮ್ಮೆ ತನ್ನ ಮೇಲೆ ತಾನೇ ಬರೆದುಕೊಳ್ಳುತ್ತಿತ್ತು. ಅದೂ ನನ್ನ ಲೆಕ್ಕಕ್ಕೇ.

ಸೈಬರ್ ಠಾಣೆಗೆ ನಾಲ್ಕು ಸಲ ಹೋಗಿಬಂದೆ. ಅಲ್ಲಿನ ಸಬ್‌ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವರು, ಸಮಾಧಾನದ ಮನುಷ್ಯ. ಮೇಲ್‌ನ ಪೂರ್ತಿ ಹೆಡರ್ ಪ್ರಿಂಟ್ ತೆಗೆದುಕೊಟ್ಟೆ, ನಾಲ್ಕು ಪುಟ. ಅದನ್ನು ಓದುವುದು ಕೆಳಗಿನಿಂದ ಮೇಲಕ್ಕೆ, ಹೊರಟ ಜಾಗ ಕೆಳಗಿರುತ್ತದೆ, ತಲುಪಿದ ಜಾಗ ಮೇಲೆ. ನಾನು ವಿವರಿಸಲು ಹೋದೆ, ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಗಿನ ಸಾಕ್ಷ್ಯ ಅಧಿನಿಯಮದ 65ಬಿ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿಕೊಂಡರು. ಈ ಕಂಪ್ಯೂಟರು ನನ್ನ ಉಸ್ತುವಾರಿಯಲ್ಲಿದೆ, ಈ ಪ್ರತಿ ಅದರಿಂದಲೇ ತೆಗೆದದ್ದು ಎಂಬ ಅರ್ಥದ ಒಕ್ಕಣೆ. ಉಸ್ತುವಾರಿ ಎಂಬ ಪದದ ಕೆಳಗೆ ಸಹಿ ಹಾಕುವಾಗ ಕೈ ಸ್ವಲ್ಪ ನಡುಗಿತು.

ಷೋಕಾಸ್ ನೋಟಿಸ್ ಬಂದದ್ದು ಆಯುಧಪೂಜೆಯ ದಿನ, ಅಕ್ಟೋಬರ್ 23. ಎಚ್‌ಆರ್‌ನವರಿಗೂ ಮುಜುಗರ, "ಇವತ್ತೇ ಕೊಡಬೇಕು ಅಂತ ಹೇಳಿದಾರೆ, ಏನೂ ತಿಳ್ಕೋಬೇಡಿ" ಎಂದರು. ಕಾರ್ಖಾನೆಯ ಮಷಿನ್‌ಗಳಿಗೆಲ್ಲ ಬಾಳೆಕಂದು, ಚೆಂಡುಹೂವು. ಅರ್ಚಕರು ಸರ್ವರ್ ರ‍್ಯಾಕಿಗೂ ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆಯಲು ನನ್ನನ್ನೇ ಕರೆದರು, ಪ್ರತಿ ವರ್ಷ ನಾನೇ ಒಡೆಯುವುದು. ಜೇಬಿನಲ್ಲಿ ಮಡಿಸಿಟ್ಟ ಕಾಗದ ಇಟ್ಟುಕೊಂಡೇ ಒಡೆದೆ. ಪ್ರಸಾದದ ಪುರಿ, ಕಡ್ಲೆ ಪೊಟ್ಟಣ ಮನೆಗೆ ತಂದು ಹೆಂಡತಿಯ ಕೈಗಿಟ್ಟೆ. "ಯಾಕ್ರೀ, ಮುಖ ಹಿಂಗಿದೆ?" ಎಂದಳು. ಆಗ ಹೇಳಿದೆ. ಅಷ್ಟು ದಿನ ಮನೆಯಲ್ಲಿ ಹೇಳಿರಲಿಲ್ಲ.

ವಿಚಾರಣೆಯಲ್ಲಿ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದರು. ಸೇರಿಸಲು ಹೇಳಿದವರು ಯಾರು? ನಾನು ಹಳೆಯ ಪರ್ಚೇಸ್ ಹೆಡ್ ಹೆಸರು ಹೇಳಿದೆ. ಅವರಿಗೆ ಫೋನ್ ಹೋಯಿತು. ನೆನಪಿಲ್ಲ ಎಂದರಂತೆ. ನಿಜಕ್ಕೂ ನೆನಪಿರಲಿಕ್ಕಿಲ್ಲ, ಟೀ ಕುಡಿಯುತ್ತಾ ಹೇಳಿದ ಮಾತು ಎರಡು ವರ್ಷ ಯಾರಿಗೆ ನೆನಪಿರುತ್ತದೆ? ನನ್ನ ಹತ್ತಿರ ಉದ್ದನೆಯ ಒಂದು ರಿಜಿಸ್ಟರ್ ಇದೆ, ದಿನದ ಕೆಲಸ ಗೀಚಿಡುವುದು. 2021ರ ಡಿಸೆಂಬರ್ ಪುಟದಲ್ಲಿ 'ಪರ್ಚೇಸ್ ಗ್ರೂಪ್, ಡಿಸೈನ್ ಸಾರ್ ಹೊರಗಿನ ಐಡಿ ಸೇರಿಸಿದೆ, ಪ. ಹೆಡ್ ಹೇಳಿದ್ದು' ಎಂದು ನನ್ನ ಕೈಬರಹದಲ್ಲೇ ಸಿಕ್ಕಿತು. ದೇವರು ದೊಡ್ಡವನು ಅಂದುಕೊಂಡು ಮುಂದಿಟ್ಟೆ. ಸಮಿತಿಯಲ್ಲಿದ್ದ ವಕೀಲರು ಓದಿ, ಕನ್ನಡಕ ತೆಗೆದು, "ಇಲ್ಲಿ ಅವರ ಸಹಿ ಎಲ್ಲಿದೆ?" ಎಂದರು. ನನ್ನನ್ನು ಉಳಿಸುತ್ತದೆ ಅಂದುಕೊಂಡ ಪುಟ, ಕೆಲಸ ಮಾಡಿದವನು ನಾನೇ ಎಂಬುದಕ್ಕೆ ಸಾಕ್ಷಿಯಾಗಿ ಕಡತಕ್ಕೆ ಸೇರಿತು.

ನನಗೆ ಒಂದು ವರ್ಷದ ಇಂಕ್ರಿಮೆಂಟ್ ತಡೆದು ಎಚ್ಚರಿಕೆ ಪತ್ರ ಕೊಟ್ಟರು. ಖಾತೆ ಬದಲಾದಾಗ ಫೋನ್ ಮಾಡಿ ಖಚಿತಪಡಿಸಿಕೊಳ್ಳಲಿಲ್ಲ ಎಂದು ಅಕೌಂಟ್ಸ್ ಮೇಡಂಗೆ ಹದಿನೈದು ದಿನ ಸಸ್ಪೆನ್ಷನ್. ಹದಿನೇಳು ವರ್ಷದ ಸರ್ವಿಸ್ ಅವರದು. ನನ್ನ ಪ್ರಕಾರ ಇದು ತಲೆಕೆಳಗಾದ ತೀರ್ಪು. ಬಾಗಿಲು ತೆರೆದಿಟ್ಟವನು ನಾನು, ಅವರ ಮುಂದೆ ಬಂದ ಕಾಗದದಲ್ಲಿ ಸಂಖ್ಯೆಗಳೆಲ್ಲ ಸರಿಯಿದ್ದವು, ಸರಿಯಿರುವಂತೆ ಮಾಡಿದ್ದೂ ನಾನೇ. ಹಾಗೆಂದು ಸಮಿತಿಗೆ ಬರೆದುಕೊಟ್ಟೆ, ಅದನ್ನೂ ಕಡತಕ್ಕೆ ಸೇರಿಸಿದರು. ಮೇಡಂಗೂ ಹೇಳಿದೆ. "ದುಡ್ಡು ನನ್ನ ಕೈಯಿಂದ ಹೋಯ್ತಲ್ಲ, ಅದಕ್ಕೆ ಎಲ್ರಿಗೂ ನಾನೇ ಕಾಣ್ತೀನಿ. ಬಿಡಿ" ಎಂದರು.

ಫೌಂಡ್ರಿಗೆ ಎರಡನೇ ಸಲ ಹಣ ಹೋದದ್ದು ನವೆಂಬರ್ 30ಕ್ಕೆ. ಅದನ್ನು ಕಳಿಸಿದ್ದೂ ಮೇಡಂ ಅವರೇ. ಬಟನ್ ಒತ್ತುವ ಮೊದಲು ಬೆಳಗಾವಿಗೆ ಮೂರು ಸಲ ಫೋನ್ ಮಾಡಿ, ಖಾತೆ ಸಂಖ್ಯೆಯ ಒಂದೊಂದು ಅಂಕಿಯನ್ನೂ ಮಾಲೀಕರ ಬಾಯಲ್ಲಿ ಹೇಳಿಸಿದರು. "ಎಷ್ಟ್ ಸಲ ಕೇಳ್ತೀರ್ರೀ ಮೇಡಂ, ಅದ ಐತ್ರೀ" ಎಂದು ಅವರು ನಗುತ್ತಿದ್ದದ್ದು ನನಗೂ ಕೇಳಿಸಿತು. ಜನವರಿಯಲ್ಲಿ ಮೇಡಂ ರಾಜೀನಾಮೆ ಕೊಟ್ಟರು. ತಡೆಹಿಡಿದಿದ್ದ 1,38,500 ನ್ಯಾಯಾಲಯದ ಆದೇಶದ ಮೇಲೆ ಮುಂದಿನ ವರ್ಷ ಕೈಸೇರಿತು. 8,47,740 ಇನ್ನೂ ಬಂದಿಲ್ಲ.

ಹೊರಗಿನ ಫಾರ್ವರ್ಡಿಂಗ್ ಈಗ ಇಡೀ ಕಂಪನಿಗೆ ಮುಚ್ಚಿದೆ. ಯಾರಾದರೂ ಕೇಳಿದರೆ ಕೊನೆಯ ತಾರೀಖು ಬರೆದ ಒಂದು ಫಾರಂ ಕೊಡುತ್ತೇನೆ, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿಕೊಂಡು ಬನ್ನಿ ಎನ್ನುತ್ತೇನೆ. ಫಾರಂ ಒಯ್ದವರು ಐದು ಜನ, ತುಂಬಿ ತಂದವರು ಒಬ್ಬರೂ ಇಲ್ಲ. ತನಿಖೆ ಮುಗಿಯುವವರೆಗೆ ಏನನ್ನೂ ಅಳಿಸಬೇಡಿ ಎಂದು ಠಾಣೆಯವರು ಹೇಳಿರುವುದರಿಂದ 'ಡಿಸೈನ್ 2' ಎಂಬ ಕಾಂಟ್ಯಾಕ್ಟ್ ಇವತ್ತಿಗೂ ನಮ್ಮ ಪಟ್ಟಿಯಲ್ಲಿ ಹಾಗೇ ಇದೆ, ಯಾವ ಗ್ರೂಪಿನಲ್ಲೂ ಇಲ್ಲ.